ಬೇಕಾದ್ದನ್ನು ಮೊದಲು ಕೇಳದ ದೇಶ

ನಾನು ಈ ಭೂಮಿಯ ಮೇಲೆ ಇದುವರೆಗೆ ಹುಟ್ಟಿರುವ ವಿದೇಶಾಂಗ ಮಂತ್ರಿಗಳಲ್ಲೆಲ್ಲ ಅತಿ ದೊಡ್ಡವನು. ಇದನ್ನು ನನ್ನ ಬಾಯಿಂದಲೇ ಹೇಳಬೇಕಾಗಿ ಬಂದಿರುವುದಕ್ಕೆ ಕಾರಣವಿಷ್ಟೆ: ಸಾಕ್ಷಿ ಹೇಳಬೇಕಾದ ದೇಶಗಳೆಲ್ಲ ಈಗ ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ನಾನು ಬರೀ ಒಂದು ಸಲ ಕೆಮ್ಮಿ ಯುದ್ಧ ನಿಲ್ಲಿಸಿದ್ದೇನೆ. ಪಕ್ಕದವರು ತಮ್ಮ ಹೊಳೆಯನ್ನು ತಾವೇ ಬಲವಂತ ಮಾಡಿ ನಮಗೆ ಕೊಡುವಂತೆ ಮಾಡಿ, ಬೇಸಿಗೆ ಪೂರ್ತಿ ನಮ್ಮ ಗದ್ದೆಗೆ ಹರಿಸಿ, ಆಮೇಲೆ ಮಡಿಸಿ ವಾಪಸು ಕೊಟ್ಟಿದ್ದೇನೆ. ಶಾಲೆಯ ಹಿಂದಿರುವ ಅರ್ಧ ಗುಡ್ಡ ನನ್ನ ಮಾತಿಗೆ ಮೆಚ್ಚಿ ಯಾರೋ ಬಿಟ್ಟುಹೋದದ್ದು. ಪೂರ್ತಿ ಗುಡ್ಡವನ್ನೇ ಇಟ್ಟುಕೊಳ್ಳಿ ಎಂದು ಹಟ ಹಿಡಿದಿದ್ದರು; ಮಕ್ಕಳಿಗೆ ಆಡಲು ಬಯಲಿಲ್ಲದಂತಾಗುತ್ತದೆ ಎಂದು ನಾನೇ ಅರ್ಧಕ್ಕೆ ಒಪ್ಪಿಸಿದೆ.

ನಮ್ಮ ಊರು ಒಂದೇ ಕಡೆ ನಿಲ್ಲುವ ಜಾತಿಯದಲ್ಲ. ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದರೆ ಬೇಲಿಯಾಚೆ ನಿನ್ನೆಯ ಊರು ಇರುವುದಿಲ್ಲ. ಬೇರೆ ಯಾವುದೋ ಊರಿನವರು ಅಷ್ಟೇ ಗಾಬರಿಯಿಂದ ಹಲ್ಲುಜ್ಜುತ್ತ ನಿಂತಿರುತ್ತಾರೆ. ಕೆಲವರು ವಾರಗಟ್ಟಲೆ ಪಕ್ಕದಲ್ಲಿರುತ್ತಾರೆ, ಕೆಲವರ ಜೊತೆ ಒಂದು ಊಟ ಮುಗಿಯುವುದರೊಳಗೆ ಊರು ಹೊರಟುಬಿಡುತ್ತದೆ. ಹೊರಡುವ ಮೊದಲು ಬಾವಿಗಳ ನೀರು ಕುಲುಕುತ್ತದೆ, ನಾಯಿಗಳೆಲ್ಲ ಬಂದು ಊರ ನಡುವಿನ ಅರಳಿಕಟ್ಟೆಯ ಮೇಲೆ ಕೂರುತ್ತವೆ. ಆಗ ಆಚೆ ಹೋದವರು ಈಚೆ ಬರಬೇಕು, ಈಚೆ ಬಂದವರು ಆಚೆ ಹೋಗಬೇಕು. ನಮಗೆ ಇದೆಲ್ಲ ರೂಢಿಯಾಗಿದೆ. ಶಾಲೆಯಲ್ಲಿ ಭೂಗೋಳದ ಪಾಠ ಮಾತ್ರ ಯಾವಾಗಲೂ ಸೀಮೆಸುಣ್ಣದಲ್ಲೇ, ಬಣ್ಣದಲ್ಲಿ ಬರೆಯುವ ಹಾಗಿಲ್ಲ. ಮೂಡಲ ಬಾಗಿಲಿನ ಮನೆ ಒಂದು ವಾರಕ್ಕೆ ತೆಂಕಲ ಬಾಗಿಲಿನದಾಗಿ, ಮುಂದಿನ ವಾರಕ್ಕೆ ಬಡಗಲಿನದಾಗುತ್ತಿದ್ದುದರಿಂದ ವಾಸ್ತು ನೋಡುತ್ತಿದ್ದ ಜೋಯಿಸರು ಬೇಸತ್ತು ಈಗ ಹಪ್ಪಳ ಮಾಡುತ್ತಾರೆ. ಹಪ್ಪಳ ಚೆನ್ನಾಗಿದೆ.

ಹೀಗೆ ಬೇಲಿಯಾಚೆಗೆಲ್ಲ ಪರದೇಶವೇ ಇರುವಾಗ ಬೇಲಿಯೀಚಿನದನ್ನು ಊರು ಅನ್ನುವುದಕ್ಕಾಗುತ್ತದೆಯೇ? ಆದ್ದರಿಂದ ನಮ್ಮದು ದೇಶ. ದೇಶ ಅಂದಮೇಲೆ ವಿದೇಶಾಂಗ ನೀತಿ ಬೇಕು. ಅದು ಎಲ್ಲೂ ಬರೆದಿಟ್ಟದ್ದಲ್ಲ, ನಮ್ಮ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬರುತ್ತದೆ. ಹೊಸ ನೆರೆಯವರು ಬಂದರೆ ಮೊದಲು ಅವರ ಹಿಂದಿನ ನೆರೆಯವರು ಹೇಗಿದ್ದರೆಂದು ವಿಚಾರಿಸಬೇಕು. ಅವರು ಯಾವ ಬಾಯಲ್ಲಿ ಆ ನೆರೆಯವರನ್ನು ಆಡುತ್ತಾರೋ ಅದೇ ಬಾಯಲ್ಲಿ ನಾಳೆ ನಮ್ಮನ್ನೂ ಆಡುತ್ತಾರೆ. ಅವರ ಮನೆಯ ಒಲೆಗೆ ನಾವು ಕಟ್ಟಿಗೆ ತುರುಕಬಾರದು, ನಮ್ಮ ಒಲೆಯನ್ನು ಅವರು ಊದಬಾರದು. ಎಡಗಡೆಯ ಊರಿಗೂ ಬಲಗಡೆಯ ಊರಿಗೂ ಜಗಳ ಬಿದ್ದರೆ ನಾವು ರಾಗಿ ಕೇರುತ್ತಿರಬೇಕು. ಒಂದು ಸಲ ಎರಡೂ ಕಡೆಯವರು ಚಂದ್ರ ತಮ್ಮದೆಂದು ಕಿತ್ತಾಡಿ ನಮ್ಮ ಹತ್ತಿರ ನ್ಯಾಯಕ್ಕೆ ಬಂದರು. ನಮ್ಮಲ್ಲಿ ಮೋಡ ಕವಿದಿದೆ, ನಮಗೇನೂ ಕಾಣುತ್ತಿಲ್ಲ ಎಂದೆ. ಹುಣ್ಣಿಮೆಯ ಬೆಳಕಿನಲ್ಲಿ ನಿಂತು ಹಾಗೆ ಹೇಳುವುದಕ್ಕೆ ಎಂಥ ಎದೆ ಬೇಕು ಅನ್ನುವುದನ್ನು ನೀವೇ ಯೋಚಿಸಿ.

ಆದರೆ ನಮ್ಮ ನೀತಿಯ ಬೆನ್ನುಮೂಳೆ ಬೇರೆ. ಬೇಕಾದ್ದನ್ನು ಮೊದಲು ಕೇಳಬಾರದು. ಗಡಿಯಲ್ಲಿ ಯಾರು ತಮಗೆ ಬೇಕಾದ್ದನ್ನು ಮೊದಲು ಬಾಯಿಬಿಟ್ಟು ಕೇಳುತ್ತಾರೋ ಅವರು, ಎದುರಿನವರು ಬದಲಿಗೆ ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ. ನನಗಿಂತ ಹಿಂದಿದ್ದ ಮಂತ್ರಿ ಬಾಯಿ ಜಾರಿ ಒಂದು ಹಿಡಿ ಉಪ್ಪು ಕೇಳಿದ. ಅವರು ಬದಲಿಗೆ ನಮ್ಮ ಮಾವಿನ ತೋಪಿನ ನೆರಳು ಕೇಳಿದರು. ಇವತ್ತಿಗೂ ತೋಪು ತೋಪಿನ ಹಾಗೇ ಇದೆ, ಮರಗಳ ಕೆಳಗೆ ರಣಬಿಸಿಲು. ಅಂದಿನಿಂದ ಈ ನೀತಿ ನಮ್ಮ ರಕ್ತದಲ್ಲಿಳಿದು ಊರೊಳಗಿನ ಬಾಳಿಗೂ ಹಬ್ಬಿತು. ಬೆಲ್ಲ ಬೇಕಾದವನು ಅಂಗಡಿಗೆ ಹೋಗಿ ಅಂಗಡಿಯವನ ಮೊಣಕಾಲು ನೋವು ವಿಚಾರಿಸುತ್ತಾನೆ, ಅವನ ಎಮ್ಮೆಯ ವಿಚಾರ ಕೇಳುತ್ತಾನೆ, ಕೂರುತ್ತಾನೆ. ಅಂಗಡಿಯವನು ಬೆಲ್ಲ ತೋರಿಸಿದರೆ ಗೆದ್ದ. ನಮ್ಮ ಊರಿನಲ್ಲಿ ಮದುವೆಗಳು ತಡವಾಗಿ ಆಗುವುದು ಯಾಕೆಂದು ಇನ್ನು ಹೇಳಬೇಕಿಲ್ಲ.

ನನ್ನ ಹೆಂಡತಿ ದೇವೀರಮ್ಮನಿಗೆ ಈ ನೀತಿಯೆಲ್ಲ ನನ್ನಷ್ಟೇ ಬರುತ್ತಿತ್ತು. ಮಾರನೆಯ ದಿನದ ಮಾತುಕತೆಯನ್ನು ನಾನು ಹಿಂದಿನ ದಿನ ಜಗಲಿಯ ಮೇಲೆ ಅಭ್ಯಾಸ ಮಾಡುವಾಗ ಅವಳು ಅಕ್ಕಿ ಆರಿಸುತ್ತ ಕೂತಿರುತ್ತಿದ್ದಳು. ನಾನು ಹೇಳುತ್ತಿದ್ದೆ, ಅವಳು ಕೇಳಿಸಿಕೊಳ್ಳುತ್ತಿದ್ದಳು. ಕೆಲವು ಸಲ ಅವಳು ಹೇಳುತ್ತಿದ್ದಳು, ನಾನು ಕೇಳಿಸಿಕೊಂಡು ಗಡಿಯಲ್ಲಿ ನನ್ನದೆಂದು ಹೇಳುತ್ತಿದ್ದೆ. ಆ ಹೊಳೆಯ ಸಂಗತಿಯಲ್ಲಿ ಅವಳ ಪಾಲು ಒಂದಿಷ್ಟು ಇದೆ. ಮಡಿಸಿದ್ದು ಮಾತ್ರ ನಾನೇ.

ಹೀಗಿರುವಾಗ ಗಾಣದವರ ಊರು ನಮ್ಮ ಪಕ್ಕಕ್ಕೆ ಬಂತು. ಒಳ್ಳೆಯ ಜನ. ಕೆಂಪಾಜಮ್ಮ ಅನ್ನುವ ಗಟ್ಟಿ ಹೆಂಗಸು ಅವರ ಯಜಮಾನಿ. ಒಂದು ಮಧ್ಯಾಹ್ನ ನಮ್ಮ ಕರು ಹಗ್ಗ ಬಿಚ್ಚಿಕೊಂಡು ಬೇಲಿ ನುಗ್ಗಿ ಅವರ ಊರೊಳಗೆ ಓಡಿತು. ಅದನ್ನು ಹಿಡಿಯಲು ದೇವೀರಮ್ಮ ಓಡಿದಳು. ಬಾವಿ ಕುಲುಕಿತು, ನಾಯಿಗಳು ಕಟ್ಟೆ ಹತ್ತಿದವು. ಕರು ವಾಪಸು ಬಂತು. ಅವಳು ಬರುವಷ್ಟರಲ್ಲಿ ಊರು ಹೊರಟಿತ್ತು.

ಅವರಿಗೂ ಅಷ್ಟೇ ನಷ್ಟವಾಯಿತು. ಕೆಂಪಾಜಮ್ಮನ ತಂದೆ ಅಣ್ಣೇಗೌಡರು ಆ ಹೊತ್ತಿಗೆ ನಮ್ಮ ಕಡೆ ಹೊಂಗೆ ಮರದ ಕೆಳಗೆ ಕೂತು ನಮ್ಮ ಕ್ಷೌರಿಕನ ಕೈಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತಿದ್ದರು. ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಗೆ ಸೋಪು ಹಚ್ಚುವಾಗ ಅವರ ಊರು ಕಣ್ಣೆದುರೇ ಸರಿದುಹೋಯಿತು. ಉಳಿದರ್ಧ ನನ್ನ ದೇಶದಲ್ಲೇ ಆಗಬೇಕು ಎಂದು ಅವರು ಎದ್ದುಬಿಟ್ಟರು. ಅಂದಿನಿಂದ ಬಲಗೆನ್ನೆಯನ್ನು ವಾರವಾರ ನುಣ್ಣಗೆ ಮಾಡಿಸಿಕೊಳ್ಳುತ್ತ, ಎಡಗಡೆಯ ಗಡ್ಡವನ್ನು ಎದೆಯವರೆಗೆ ಇಳಿಬಿಟ್ಟುಕೊಂಡು ತಿರುಗುತ್ತಿದ್ದರು. ಪರದೇಶದ ಅತಿಥಿಗಳು ಮಂತ್ರಿಯ ಜವಾಬ್ದಾರಿ. ಆದ್ದರಿಂದ ಅವರು ನನ್ನ ಮನೆಗೇ ಬಂದು ಕೂತರು.

ಹೆಂಡತಿಯಿಲ್ಲದ ಮನೆಯಲ್ಲಿ ಅರ್ಧ ಗಡ್ಡದ ಮುದುಕರೊಬ್ಬರಿಗೆ ಮುದ್ದೆ ತೊಳಸಿ ಹಾಕುತ್ತ ಎಷ್ಟು ಮಳೆಗಾಲ ಕಳೆದೆನೋ ಲೆಕ್ಕ ಇಟ್ಟಿಲ್ಲ. ನಾನು ದುಃಖಪಟ್ಟೆ ಅನ್ನುವ ಮಾತೇ ಇಲ್ಲ. ದಿನಕ್ಕೆ ಎರಡು ಹೊತ್ತು, ಗಟ್ಟಿಯಾಗಿ, ಬೀದಿಯವರಿಗೆಲ್ಲ ಕೇಳಿಸುವ ಹಾಗೆ ಹಾಡು ಹೇಳಿಕೊಳ್ಳುತ್ತಿದ್ದೆ. ಹಾಡಿನ ನಡುವೆ ದನಿ ನಿಂತುಹೋಗುತ್ತಿದ್ದುದು ಉಸಿರು ಎಳೆದುಕೊಳ್ಳುವುದಕ್ಕೆ.

ಅಣ್ಣೇಗೌಡರು ನನ್ನ ಅಡಿಗೆಯನ್ನು ಬಿಟ್ಟರೆ ಬೇರೆ ಯಾವುದಕ್ಕೂ ದೂರು ಹೇಳುವವರಲ್ಲ.

"ಏನಯ್ಯ ಮಂತ್ರಿ, ಇದು ಸಾರೋ, ಇಲ್ಲಾ ಕೆರೆಗೆ ಕೊತ್ತಂಬರಿ ಸೊಪ್ಪು ಬಿದ್ದದ್ದೋ?"

"ನಿಮ್ಮೂರಿನ ಸಾರಿಗಿಂತ ವಾಸಿ ಬಿಡಿ ಗೌಡ್ರೇ."

"ನಮ್ಮೂರಲ್ಲಿ ಈಗ ನಿನ್ನ ಹೆಂಡ್ತಿ ಸಾರು ಮಾಡ್ತಾ ಇರ್ತಾಳೆ. ಉಂಡೋರು ಇತ್ತ ಕಡೆ ತಲೆ ಹಾಕಿಯಾದರೂ ಮಲಗ್ತಾರಾ?"

ಒಂದು ಬೆಳಿಗ್ಗೆ ಊರು ಎಲ್ಲೋ ಹೋಗಿ ನಿಂತಿತು. ನಾನಿನ್ನೂ ಒಲೆ ಹಚ್ಚುತ್ತಿದ್ದೆ. ಜಗಲಿಯ ಮೇಲಿದ್ದ ಅಣ್ಣೇಗೌಡರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ದೂರದಿಂದ ಏನೋ ಕಿರುಗುಟ್ಟುವ ಸದ್ದು ಬರುತ್ತಿತ್ತು.

"ಅದು ನಮ್ಮೂರಿನ ಗಾಣ ಕಣಯ್ಯ," ಎಂದರು. "ಎತ್ತು ತೆಂಕಲ ಮಗ್ಗುಲಿಗೆ ಬಂದಾಗ ಮಾತ್ರ ಕಿರ್ ಅಂತದೆ. ಊರಿಗೆಲ್ಲ ಎಣ್ಣೆ ತೆಗೀತಾರೆ, ಗಾಣಕ್ಕೆ ಒಂದು ತೊಟ್ಟು ಬಿಡಲ್ಲ."

ನನ್ನ ಕೈಯಲ್ಲಿದ್ದ ಊದುಗೊಳವೆ ಕೆಳಗೆ ಬಿತ್ತು. ಬಿತ್ತು ಅನ್ನುವುದಕ್ಕಿಂತ ನಾನೇ ಬಿಸಾಕಿದೆ ಅನ್ನಿ.

"ಏಳಿ ಗೌಡ್ರೇ, ಮಗಳು ಬಂದವಳೆ. ಹೋಗಿ."

"ನಮ್ಮಪ್ಪ ಬೇಕು ಅಂತ ಅವಳು ಕೇಳಿದ್ಲಾ?"

"ಇನ್ನೂ ಕೇಳಿಲ್ಲ."

"ಹಂಗಾದ್ರೆ ಮುದ್ದೆ ಹಾಕು," ಎಂದು ಅವರು ಗೋಡೆಯ ಕಡೆ ತಿರುಗಿ ಕೂತರು. ನಮ್ಮ ಊರಿನ ನೀರು ಕುಡಿದು ಅವರೂ ನಮ್ಮವರೇ ಆಗಿಬಿಟ್ಟಿದ್ದರು.

ಗಡಿಯಲ್ಲಿ ಜಮಖಾನ ಹಾಸುವುದು ನಮ್ಮ ಪದ್ಧತಿ. ಅರ್ಧ ನಮ್ಮ ನೆಲದ ಮೇಲೆ, ಅರ್ಧ ಅವರ ನೆಲದ ಮೇಲೆ. ನಮ್ಮ ಯಜಮಾನ ಈರಯ್ಯನವರು ಪೇಟ ಸುತ್ತಿಕೊಂಡು ನನ್ನ ಹಿಂದೆ ಕೂತರು, ಅವರ ಹಿಂದೆ ಊರಿಗೆ ಊರೇ ಕೂತಿತು. ಆಚೆಯಿಂದ ಕೆಂಪಾಜಮ್ಮ ಬಂದಳು. ಅವಳ ಮುಂದೆ ಅವರ ವಿದೇಶಾಂಗ ಮಂತ್ರಿ, ಕೊಡೆ ಹಿಡಿದುಕೊಂಡು. ಕೊಡೆ ಮಡಿಸಿದಾಗ ನೋಡುತ್ತೇನೆ, ದೇವೀರಮ್ಮ.

ಕೂದಲು ಒಂದಿಷ್ಟು ನರೆತಿತ್ತು. ಕೂರುವ ಮೊದಲು ಸೆರಗು ಸರಿಮಾಡಿಕೊಂಡು ನೆಲವನ್ನೊಮ್ಮೆ ಅಂಗೈಯಿಂದ ಒರೆಸುವ ಅಭ್ಯಾಸ ಹಾಗೇ ಇತ್ತು. ನನ್ನ ಜಾಗದಲ್ಲಿ ಬೇರೆ ಯಾವ ಮಂತ್ರಿಯಿದ್ದರೂ ಅಲ್ಲೇ ಕರಗಿ ಜಮಖಾನದ ಬಣ್ಣ ಕೆಡಿಸುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡು ಪದ್ಧತಿಯ ಪ್ರಕಾರ ಶುರುಮಾಡಿದೆ.

"ತಮ್ಮ ಹಿಂದಿನ ನೆರೆಯವರು ಹೇಗಿದ್ದರು, ಮಂತ್ರಿಗಳೇ?"

"ಒಳ್ಳೆಯವರೇ," ಎಂದಳು ದೇವೀರಮ್ಮ. "ಸ್ವಲ್ಪ ಬಾಯಿ ಜಾಸ್ತಿ. ಮಾಡಿದ್ದು ಒಂದು ಹಿಡಿಯಾದ್ರೆ ಹೇಳೋದು ಒಂದು ಮೂಟೆ. ಹಾಗಂತ ಕೆಟ್ಟವರಲ್ಲ. ತಮ್ಮ ಹಿಂದಿನ ನೆರೆಯವರು?"

"ನಮಗೆ ನೆರೆಯವರಿಗೇನು ಕೊರತೆ. ದಿನಕ್ಕೊಬ್ಬರು. ಯಾರೂ ನೆನಪಿನಲ್ಲಿ ಉಳಿದಿಲ್ಲ."

"ಊಟಕ್ಕೇನು ಮಾಡ್ತೀರಿ?"

"ಅರಮನೆಯ ಅಡಿಗೆ. ಬಂದವರು ಎದ್ದು ಹೋಗಲು ಒಪ್ಪುವುದಿಲ್ಲ."

"ಅದಕ್ಕೇ ಮೈ ಅರ್ಧ ಆಗಿದೀರಿ," ಎಂದು ಅವಳು ಮೆಲ್ಲಗೆ ಹೇಳಿ, ತಕ್ಷಣ ಗಟ್ಟಿಯಾಗಿ, "ಗಡಿಯ ಬೇಲಿಯ ವಿಚಾರ ಮೊದಲು ತಗೊಳ್ಳೋಣ," ಎಂದಳು.

ಬೇಲಿಯ ವಿಚಾರ ತೆಗೆದುಕೊಂಡೆವು. ಮಾರನೆಯ ದಿನ ಕತ್ತೆಗಳ ವಿಚಾರ. ಅದರ ಮಾರನೆಯ ದಿನ, ಅವರ ಹುಣಿಸೆ ಮರದ ಕೊಂಬೆ ನಮ್ಮ ಕಡೆ ಚಾಚಿದ್ದರಿಂದ ಹಣ್ಣು ಯಾರದು, ಹುಳಿ ಯಾರದು ಅನ್ನುವ ವಿಚಾರ. ಭೂಮಿಯ ಮೇಲೆ ಅಂಥ ಮಾತುಕತೆ ಹಿಂದೆ ನಡೆದಿಲ್ಲ, ಮುಂದೆ ನಡೆಯುವುದಿಲ್ಲ. ನಾನು ಎತ್ತಿದ ಪಟ್ಟನ್ನೆಲ್ಲ ಅವಳು ಮೊದಲೇ ಬಲ್ಲಳು. ನಾನು ಕೆಮ್ಮಿದರೆ ಶುಂಠಿ ಕಷಾಯ ತರಿಸುತ್ತಿದ್ದಳು. ನಾನು ಕೋಪ ಬಂದವನ ಹಾಗೆ ಎದ್ದು ನಿಂತರೆ, ನಾನು ಮತ್ತೆ ಕೂರುವವರೆಗೆ ತನ್ನ ಬಳೆ ಎಣಿಸುತ್ತಿದ್ದಳು. ಹುಣಿಸೆಹಣ್ಣಿನಲ್ಲಿ ನಮಗೆ ಹುಳಿ ದಕ್ಕಿತು, ಹಣ್ಣು ಅವರಿಗೆ ಹೋಯಿತು. ನಾನದನ್ನು ದೊಡ್ಡ ಗೆಲುವೆಂದು ಊರಿಗೆ ಸಾರಿದೆ.

ಮಧ್ಯಾಹ್ನ ಅವರ ಕಡೆಯಿಂದ ಊಟ ಬರುತ್ತಿತ್ತು. ಹುರುಳಿಕಾಳಿನ ಬಸ್ಸಾರು. ಪರದೇಶದ ಊಟವನ್ನು ಎರಡನೆಯ ಸಲ ಬಡಿಸಿಕೊಳ್ಳುವುದು ಮರ್ಯಾದೆ, ಮೂರನೆಯ ಸಲ ಬಡಿಸಿಕೊಳ್ಳುವುದು ಶರಣಾಗತಿ ಎಂದು ನಮ್ಮ ನೀತಿ ಹೇಳುತ್ತದೆ. ನಾನು ಮೂರನೆಯ ಸಲವೂ ತಟ್ಟೆ ಮುಂದೆ ಚಾಚಿದೆ. ಅವಳು ನೋಡಿದಳು. ಸೌಟು ತುಂಬ ಹಾಕಿದಳು.

ಈರಯ್ಯನವರಿಗೆ ತಾಳ್ಮೆ ಕೆಟ್ಟಿತು. ಒಂದು ಸಂಜೆ ನನ್ನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿಕೊಂಡರು.

"ಅಲ್ಲಯ್ಯ, ಎದುರಿಗೆ ಕಟ್ಟಿಕೊಂಡ ಹೆಂಡ್ತಿ ಕೂತವಳೆ. ನೀನು ಕತ್ತೆ ವಿಚಾರ ಮಾತಾಡ್ತೀಯಲ್ಲ."

"ಕೇಳಿದ್ರೆ ಅವರು ಬದಲಿಗೆ ಏನು ಬೇಕಾದ್ರೂ ಕೇಳಬಹುದು, ಯಜಮಾನ್ರೇ. ಈ ಕೆರೆ ಕೇಳಿಬಿಟ್ರೆ?"

ಈರಯ್ಯನವರು ಕೆರೆಯ ಕಡೆ ತಿರುಗಿದರು. ತುಂಬಿದ ಕೆರೆ. ಅದರಾಚೆ ಇಡೀ ಊರಿನ ಗದ್ದೆ. "ಅವಳೇ ಕೇಳಬಹುದಲ್ಲ, ನಾನು ಬತ್ತೀನಿ ಅಂತ," ಎಂದರು ಆಮೇಲೆ.

"ಅವಳು ಕೇಳಿದ್ರೆ ನಾವು ಅವರ ಗಾಣ ಕೇಳಬಹುದು. ಅಷ್ಟು ದಿನ ಆ ಊರಿನ ಅನ್ನ ಉಂಡು, ಅವರ ಗಾಣ ಕಳೀತಾಳಾ? ಅವಳು ಅಂಥವಳಲ್ಲ."

"ಮತ್ತೆ ನೀನು?"

"ನಾನು ಅವಳ ಗಂಡ," ಎಂದೆ. ಈ ಮಾತು ಆಗ ಬಹಳ ಗಂಭೀರವಾಗಿ ಕೇಳಿಸಿತ್ತು.

ಮನೆಗೆ ಹೋದರೆ ಅಣ್ಣೇಗೌಡರು ಗೋಡೆಗೆ ಮುಖ ಮಾಡಿಕೊಂಡೇ ವಿಚಾರಿಸಿದರು, "ಕೇಳಿದ್ಲಾ?"

"ಇಲ್ಲ. ಇವತ್ತು ಹುಣಿಸೆಹಣ್ಣು."

"ನೀನು ಕೇಳಿದ್ಯಾ?"

"ಇಲ್ಲ."

"ನಮ್ಮ ನಮ್ಮ ಗೋಡೆ ನಾವು ನೋಡ್ಕೊಂಡು ಕೂರೋಣ ಬಿಡು," ಎಂದು ಪಕ್ಕಕ್ಕೆ ಸರಿದು ನನಗೂ ಜಾಗ ಬಿಟ್ಟರು.

ಮಾರನೆಯ ದಿನ ಮಾತುಕತೆ ನೆರಳಿನ ವಿಚಾರಕ್ಕೆ ಬಂದಿತ್ತು. ಬೆಳಿಗ್ಗೆ ನಮ್ಮ ಮರಗಳ ನೆರಳು ಅವರ ಕಡೆ ಬೀಳುತ್ತದೆ, ಸಂಜೆ ಅವರದು ನಮ್ಮ ಕಡೆ. ಮಧ್ಯಾಹ್ನದ ಹೊತ್ತು ನೆರಳು ಎಲ್ಲಿ ಹೋಗುತ್ತದೆ, ಅದಕ್ಕೆ ಯಾರು ಜವಾಬ್ದಾರರು ಎಂದು ನಾನು ವಾದ ಹೂಡಿ ನಿಂತಿದ್ದೆ. ಅಷ್ಟರಲ್ಲಿ ನಮ್ಮ ಊರಿನ ಕರಿ ನಾಯಿಯೊಂದು ಜಮಖಾನದ ತುದಿಯಿಂದ ಎದ್ದು, ಮೈ ಕೊಡವಿಕೊಂಡು, ಅರಳಿಕಟ್ಟೆಯ ಕಡೆ ನಡೆಯಿತು. ಅದರ ಹಿಂದೆ ಇನ್ನೊಂದು ಹೋಯಿತು. ಬಾವಿಕಟ್ಟೆಯಿಂದ ಯಾರೋ ಕೂಗಿದರು, ನೀರು ಕುಲುಕುತ್ತಿದೆ ಎಂದು.

ಎರಡೂ ಕಡೆಯ ಜನ ಎದ್ದು ನಿಂತರು. ದೇವೀರಮ್ಮ ಮಾತ್ರ ಕೂತೇ ಇದ್ದಳು. ಮಡಿಸಿದ್ದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಿದ್ದಳು.

"ನೆರಳಿನ ವಿಚಾರ ಮುಗಿಸಿಬಿಡಿ ಮಂತ್ರಿಗಳೇ," ಎಂದಳು. "ಏನು ಹೇಳ್ತಾ ಇದ್ರಿ?"

ನನಗೆ ನೆರಳಿನ ವಿಚಾರ ಒಂದಕ್ಷರವೂ ನೆನಪಿರಲಿಲ್ಲ. ತಲೆಯೊಳಗೆ ನಮ್ಮ ಕೆರೆ ಬಂತು, ಅದು ಇಲ್ಲದ ಗುಂಡಿ ಬಂತು, ಗದ್ದೆಗಳು ಬಂದವು, ಈರಯ್ಯನವರ ಪೇಟ ಬಂತು. ಅಷ್ಟೆಲ್ಲ ಬಂದು ಹೋದಮೇಲೆ ಬಾಯಿ ತಾನೇ ತೆರೆಯಿತು.

"ನಮಗೆ ಒಂದು ಬೇಕು," ಎಂದೆ. "ದೇವಿ, ನೀನು ಮನೆಗೆ ಬಾ."

ನನ್ನ ಹಿಂದೆ ಈರಯ್ಯನವರು ಪೇಟ ಕಳಚಿ, ತಲೆ ಹಿಡಿದುಕೊಂಡು ಕೂತದ್ದು ನನಗೆ ಬೆನ್ನಿನಲ್ಲೇ ಗೊತ್ತಾಯಿತು. ಯಾರೋ ಒಬ್ಬ ಹೆಂಗಸು, "ಹೋಯ್ತು ಕೆರೆ," ಎಂದಳು. ಇನ್ನೊಬ್ಬಳು, "ಹೋಗ್ಲಿ ಬಿಡೇ, ಕೇಳಿದ್ನಲ್ಲ," ಎಂದಳು.

ದೇವೀರಮ್ಮ ತಲೆ ತಗ್ಗಿಸಿ ಕೊಡೆಯ ಬಟ್ಟೆಯನ್ನು ಒಂದು ಸಲ ನೀವಿದಳು. ಆಮೇಲೆ ಮಂತ್ರಿಯ ಗತ್ತಿನಲ್ಲೇ ಹಿಂದಕ್ಕೆ ತಿರುಗಿದಳು.

"ಯಜಮಾನ್ತಿಯವರೇ, ಅವರು ಮೊದಲು ಕೇಳಿದ್ದಾರೆ. ಈಗ ನಮಗೇನು ಬೇಕಾದ್ರೂ ಕೇಳಬಹುದು. ನಿಮ್ಮ ಬಾಯಲ್ಲೇ ಕೇಳಿ."

ಕೆಂಪಾಜಮ್ಮ ನಮ್ಮ ಕೆರೆಯ ಕಡೆ ನೋಡಿದಳು. ಗದ್ದೆಗಳ ಕಡೆ ನೋಡಿದಳು. ಶಾಲೆಯ ಹಿಂದಿನ ಅರ್ಧ ಗುಡ್ಡವನ್ನೂ ನೋಡಿದಳು, ನನಗೆ ಸ್ವಲ್ಪ ಹೆಮ್ಮೆಯಾಯಿತು. ಆಮೇಲೆ ಆ ಗಟ್ಟಿ ಹೆಂಗಸಿನ ಗಲ್ಲ ನಡುಗಿತು.

"ನಮ್ಮಪ್ಪನ್ನ ಕೊಡಿ," ಎಂದಳು.

ಸುದ್ದಿ ಹೇಳಲು ಜನ ನನ್ನ ಮನೆಗೆ ಓಡಬೇಕಾಗಲಿಲ್ಲ. ಅಣ್ಣೇಗೌಡರು ಆಗಲೇ ಗುಂಪಿನ ಹಿಂದೆ ನಿಂತಿದ್ದರು, ಕಂಕುಳಲ್ಲಿ ಗಂಟು. ಬೆಳಿಗ್ಗೆಯಿಂದಲೇ ಕಟ್ಟಿಟ್ಟಿದ್ದರಂತೆ. ಎಲ್ಲರೂ ದಾರಿ ಬಿಟ್ಟರು. ಅವರು ನಿಧಾನವಾಗಿ ಬಂದರು, ತಮ್ಮನ್ನು ಕೇಳಿದ್ದಾರೆ ಅನ್ನುವುದು ಎಲ್ಲರಿಗೂ ಕಾಣಲಿ ಎಂದು.

"ಇಷ್ಟು ಬೇಗ ಕೇಳಿಬಿಟ್ಟೆಯೇನವ್ವ," ಎಂದರು ಮಗಳಿಗೆ.

ಕೆಂಪಾಜಮ್ಮ ಅವರ ಎಡಗಡೆಯ ಉದ್ದ ಗಡ್ಡವನ್ನು ಹಿಡಿದುಕೊಂಡು ಅತ್ತಳು. ಅತ್ತಮೇಲೆ ಮೂಗನ್ನೂ ಅದರಲ್ಲೇ ಒರೆಸಿಕೊಂಡಳು. ಜಮಖಾನ ದಾಟುವ ಮೊದಲು ಗೌಡರು ನನ್ನ ಕಡೆ ತಿರುಗಿದರು. "ನಿನ್ನ ಸಾರು ಅಂಥಾ ಕೆಟ್ಟದ್ದೇನಲ್ಲ ಕಣಯ್ಯ," ಎಂದರು. "ಹಸಿದೋರಿಗೆ."

ಅಷ್ಟಕ್ಕೇ ಮುಗಿದಿದ್ದರೆ ಯಾವ ಮಂತ್ರಿ ಬೇಕಾದರೂ ಮಾಡಬಹುದಾಗಿತ್ತು. ದೇವೀರಮ್ಮ ಎದ್ದು ಒಂದು ಹೆಜ್ಜೆ ಈಚೆ ಇಟ್ಟವಳು ಥಟ್ಟನೆ ನಿಂತಳು.

"ಒಲೆ ಮೇಲೆ ಹಾಲಿಟ್ಟು ಬಂದಿದೀನಿ," ಎಂದಳು.

"ಉಕ್ಕಲಿ ಬಿಡು."

"ಉಕ್ಕಿದ್ರೆ ಒಲೆ ಆರ್ತದೆ, ಆ ಮನೆಯವರು ಬಂದು ನೋಡಿದ್ರೆ ಏನಂದ್ಕೊಳ್ತಾರೆ," ಎನ್ನುತ್ತ ಕೊಡೆಯನ್ನು ನನ್ನ ಕೈಗೆ ತುರುಕಿ ಅವರ ಊರೊಳಗೆ ಓಡಿದಳು.

ನೆಲ ಸಣ್ಣಗೆ ಗುನುಗತೊಡಗಿತು. ಜಮಖಾನದ ನಡುವೆ ಒಂದು ಸುಕ್ಕು ಎದ್ದಿತು. ಈರಯ್ಯನವರು ನನ್ನ ಭುಜ ಹಿಡಿದು, "ನಿಲ್ಲಯ್ಯ, ಬತ್ತಾಳೆ," ಎಂದರು. ಊರು ಹೊರಡುವಾಗ ಮಂತ್ರಿ ತನ್ನ ನೆಲ ಬಿಟ್ಟು ಕದಲಬಾರದು ಅನ್ನುವುದೂ ನಮ್ಮ ನೀತಿಯೇ. ಒಂದನ್ನು ಮುರಿದವನಿಗೆ ಇನ್ನೊಂದು ಯಾವ ಲೆಕ್ಕ? ನಾನು ಕೊಡೆಯನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ಆಚೆ ನುಗ್ಗಿದೆ.

ನಾನು ಓಡಿದ ವೇಗಕ್ಕೆ ಆ ಊರಿನ ಹೆಂಚುಗಳು ಹಾರಿದವು ಎಂದು ಆಮೇಲೆ ನಾನೇ ಎಲ್ಲರಿಗೂ ಹೇಳಿದ್ದೇನೆ. ಗಾಣ ದಾಟಿದೆ, ಎತ್ತು ದಾಟಿದೆ, ಹಾಲಿನ ವಾಸನೆ ಹಿಡಿದು ಒಂದು ಅಡಿಗೆಮನೆಗೆ ನುಗ್ಗಿದೆ. ಒಲೆ ಆರಿಸಿಯಾಗಿತ್ತು. ಹಾಲಿನ ಪಾತ್ರೆ ಕೆಳಗಿಳಿದು, ಮೇಲೆ ತಟ್ಟೆ ಮುಚ್ಚಿಕೊಂಡು ಕೂತಿತ್ತು. ಅವಳಿರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ನಾನು ಮುಂದಿನ ಬೀದಿಯಿಂದ ಬಂದಿದ್ದೆ, ಅವಳು ಹಿತ್ತಲ ದಾರಿ ಹಿಡಿದು ಹೋಗಿದ್ದಳು.

ಹಿತ್ತಲಿಂದ ನೋಡಿದರೆ ನಮ್ಮ ಊರು ಕದಲುತ್ತಿತ್ತು. ಅದರ ಅಂಚಿನಲ್ಲಿ ದೇವೀರಮ್ಮ ನಿಂತು ಅತ್ತಿತ್ತ ನನ್ನನ್ನು ಹುಡುಕುತ್ತಿದ್ದಳು. ಎರಡೂ ಊರಿನ ನಡುವೆ ಒಂದು ಬಿರುಕು ಬಿಟ್ಟು, ಅದು ನೋಡುನೋಡುತ್ತಿದ್ದಂತೆ ಅಗಲವಾಗುತ್ತಿತ್ತು.

"ಅಯ್ಯೋ ನಿಮ್ಮ," ಎಂದಳು ಅವಳು ನನ್ನನ್ನು ಕಂಡು. "ಅಲ್ಲಿಗ್ಯಾಕೆ ಹೋದ್ರಿ?"

"ನಿನ್ನ ಕರ್ಕೊಂಡು ಬರೋಕೆ."

"ನಾನು ಬಂದಾಯ್ತಲ್ಲ. ನೀವು ಬನ್ನಿ."

ಆ ಬಿರುಕು ಸಮುದ್ರದಷ್ಟು ಅಗಲವಿತ್ತು. ಹೋಗಲಿ, ಹೊಳೆಯಷ್ಟು. ಈರಯ್ಯನವರು ಎರಡು ಎಮ್ಮೆ ಅಡ್ಡ ನಿಂತಷ್ಟು ಅನ್ನುತ್ತಾರೆ. ಅವರಿಗೆ ಕಣ್ಣು ಮಂಜು. ನಾನು ಹಿಂದೆ ಸರಿದು, ಪಂಚೆ ಎತ್ತಿ ಕಟ್ಟಿ, ಕೊಡೆ ಬಿಚ್ಚಿ ಹಿಡಿದು ಹಾರಿದೆ. ಆಕಾಶದಲ್ಲಿ ನಾನು ಎಷ್ಟು ಹೊತ್ತು ಇದ್ದೆನೆಂದರೆ ಕೆಳಗೆ ಎರಡೂ ದೇಶಗಳು ಪೂರ್ತಿ ಕಂಡವು. ಅವರ ದೇಶದಲ್ಲಿ ಅಣ್ಣೇಗೌಡರು ಆಗಲೇ ಕಲ್ಲಿನ ಮೇಲೆ ಕೂತು ಎಡಗೆನ್ನೆ ಚಾಚಿದ್ದೂ ಕಂಡಿತು. ಆಮೇಲೆ ನಮ್ಮ ಕಡೆಯ ನೆಲ ಬಂತು. ನೆಲ ಅಂದರೆ, ಪಡುವಣ ಬೀದಿಯ ಚರಂಡಿ.

ಊರು ಹೊರಟಿತು. ಗಾಣದ ಕಿರುಗುಟ್ಟುವ ಸದ್ದು ಒಂದಿಷ್ಟು ಹೊತ್ತು ಹಿಂದೆ ಹಿಂದೆಯೇ ಬಂದು ನಿಂತುಹೋಯಿತು. ಈರಯ್ಯನವರು ಕೆರೆಯ ಹತ್ತಿರ ಹೋಗಿ, ನೀರಿಗೆ ಕೈ ಅದ್ದಿ ಅದು ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಬಂದರು.

ಮನೆಯ ತನಕ ದೇವೀರಮ್ಮ ನನ್ನಿಂದ ಎರಡು ಮಾರು ದೂರದಲ್ಲೇ ನಡೆದಳು. ಬಾಗಿಲ ಮುಂದೆ ನಿಂತಳು. ಒಳಗೆ ಕಾಲಿಡಲಿಲ್ಲ. ನಾನು ಅರ್ಥಮಾಡಿಕೊಂಡೆ, ಅಷ್ಟು ಮಳೆಗಾಲದ ಮೇಲೆ ಬಂದವಳು, ಕರೆಯಬೇಕು.

"ಒಳಗೆ ಬಾ ದೇವಿ," ಎಂದೆ, ಎಷ್ಟು ಸಾಧ್ಯವೋ ಅಷ್ಟು ಮೃದುವಾಗಿ.

"ಮೊದಲು ನೀವು ಮೈ ತೊಳ್ಕೊಳಿ," ಎಂದಳು. "ಆ ಚರಂಡಿ ವಾಸನೇಲಿ ಯಾವ ಮನೆಗೆ ಹೋಗ್ತೀರಿ."

ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ ಅವಳು ನೀರು ಸೇದಿ ಸೇದಿ ಸುರಿದಳು. ಎರಡನೆಯ ಕೊಡಕ್ಕೆ ನಾನು ಮತ್ತೆ ಮಂತ್ರಿಯಾದೆ.

"ನೋಡಿದೆಯಾ, ನನ್ನ ಲೆಕ್ಕಾಚಾರ. ಕೆಂಪಾಜಮ್ಮ ಅವರಪ್ಪನ್ನೇ ಕೇಳ್ತಾಳೆ ಅಂತ ನನಗೆ ಮೊದಲೇ ಗೊತ್ತಿತ್ತು."

"ಏನೂ ಗೊತ್ತಿರ್ಲಿಲ್ಲ ನಿಮಗೆ. ನನಗೆ ಗೊತ್ತಿತ್ತು," ಎಂದಳು ಅವಳು. "ಮೊದಲನೇ ದಿನಾನೇ ಅವರು ಕೇಳಿಬಿಡ್ತೀನಿ ಅಂತ ಹೊರಟಿದ್ರು. ನಾನೇ ತಡೆದೆ."

ನಾನು ತಲೆಯಿಂದ ಇಳಿಯುತ್ತಿದ್ದ ನೀರನ್ನು ಕಣ್ಣ ಮೇಲಿಂದ ಒರೆಸಿಕೊಂಡು ಅವಳನ್ನು ನೋಡಿದೆ.

"ಅವರು ಮೊದಲು ಕೇಳಿದ್ರೆ ನೀವು ಬದಲಿಗೆ ನನ್ನನ್ನ ಕೇಳ್ತಿದ್ರಿ. ಒಂದು ಮುದುಕನ್ನ ಕೊಟ್ಟು ಚಿಲ್ಲರೆ ಇಸ್ಕೊಂಡ ಹಾಗೆ. ಹಂಗೆ ಬರೋಕೆ ನನಗಿಷ್ಟ ಇರ್ಲಿಲ್ಲ."

"ನಾನು ಕೇಳದೇ ಹೋಗಿದ್ರೆ?"

"ಕೇಳದೇ ಹೋಗಿದ್ರೆ ಅಲ್ಲಿ ನಾನು ಮಂತ್ರಿ," ಎಂದು ಅವಳು ಕೊಡವನ್ನು ಬಾವಿಗಿಳಿಸಿದಳು. ಹಗ್ಗವನ್ನು ಬೇಕಾದ್ದಕ್ಕಿಂತ ಎರಡು ಮಾರು ಹೆಚ್ಚೇ ಬಿಟ್ಟಳು. ಬಾವಿಯ ನೀರು ಆ ಹೊತ್ತಿನಲ್ಲಿ ನಿಶ್ಚಲವಾಗಿತ್ತು.

ನಾನು ಕಲ್ಲಿನ ಮೇಲೆ ಅವಳ ಕಡೆ ಬೆನ್ನು ಮಾಡಿ ಕೂತೆ.

"ಸ್ವಲ್ಪ ಬೆನ್ನು ತಿಕ್ತೀಯಾ?" ಎಂದು ಕೇಳಿದೆ.

ತಿಕ್ಕಿದಳು.

"ಆಮೇಲೆ ಒಂದು ಲೋಟ ಮಜ್ಜಿಗೆ ಬೇಕು. ಒಗ್ಗರಣೆ ಹಾಕಿದ್ದು."

"ಹೂಂ."

"ಇವತ್ತು ಸಾರು ನೀನೇ ಮಾಡು. ಹುರುಳಿಕಾಳು ಡಬ್ಬದಲ್ಲಿದೆ. ಆಮೇಲೆ ಜಗಲಿ ಮೇಲೆ ಕೂತ್ಕೋ, ಅಕ್ಕಿ ಆರಿಸು, ನಾನು ಮಾತಾಡ್ತೀನಿ. ಆಮೇಲೆ ಆ ಊರಲ್ಲಿ ಏನೇನಾಯ್ತು ಎಲ್ಲಾ ಹೇಳ್ಬೇಕು. ಆಮೇಲೆ ಕರು ಕಟ್ಟೋ ಹಗ್ಗ..."

ಕೊನೆಯ ಕೊಡದ ನೀರನ್ನು ಅವಳು ನನ್ನ ತಲೆಯ ಮೇಲೆ ಒಂದೇ ಸಲ ಮಗುಚಿದಳು.

"ಎಲ್ಲಾ ಒಂದೇ ದಿನ ಕೇಳಬೇಡಿ," ಎಂದಳು. "ನಾಳೆಗೂ ಸ್ವಲ್ಪ ಇಟ್ಕೊಳಿ."